ಸಂತೆಗೆ ಬ್ಲಾಕನ್ನೂ ತನ್ನಿ

"ಇದು ಜೆರಾಕ್ಸಾ?"

ಚಿತ್ರಸಂತೆಯಲ್ಲಿ ಅಚ್ಚುಚಿತ್ರ, ಅಂದರೆ ಕೈಯಲ್ಲಿ ಅಚ್ಚು ಮಾಡಿ ಕಾಗದಕ್ಕೆ ಒತ್ತಿದ ಚಿತ್ರ, ಇಟ್ಟುಕೊಂಡು ಕೂರುವ ನಾವೆಲ್ಲ ಈ ಪ್ರಶ್ನೆ ಕೇಳಿಸಿಕೊಂಡವರೇ. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಪೇಂಟಿಂಗ್ ಹೇಗೆ ಮಾಡುತ್ತಾರೆ ಅಂತ ಎಲ್ಲರಿಗೂ ಗೊತ್ತು, ಶಾಲೆಯಲ್ಲಿ ಬ್ರಷ್ ಹಿಡಿದೇ ಇರುತ್ತಾರೆ. ಮೆತ್ತನೆಯ ಲಿನೋಲಿಯಂ ಹಾಳೆ ಕೆತ್ತುವ ಲಿನೋ, ಮರ ಕೆತ್ತುವ ವುಡ್‌ಕಟ್, ಲೋಹದ ತಗಡನ್ನು ಆಸಿಡ್ಡಿನಿಂದ ಕೊರೆಯುವ ಎಚಿಂಗ್ ಮಾಡುವುದನ್ನು ಮಾತ್ರ ಹೆಚ್ಚಿನವರು ಕಣ್ಣಾರೆ ಕಂಡೇ ಇಲ್ಲ. ಫ್ರೇಮ್ ಹಾಕಿ ತೂಗುಹಾಕಿದ ಕಾಗದ ನೋಡಿದರೆ ಅವರಿಗೆ ತಿಳಿಯುವುದಾದರೂ ಹೇಗೆ?

ಅದಕ್ಕೇ ನಾನು ಹೇಳುವುದು, ಪ್ರಿಂಟ್ ಮಾಡುವವರು ಜನರ ನಡುವೆ ಹೋಗುವಾಗ ಮುಗಿದ ಚಿತ್ರ ಮಾತ್ರ ಒಯ್ಯಬಾರದು. ಬ್ಲಾಕು ಅಂದರೆ ಕೆತ್ತಿದ ಅಚ್ಚು, ಇಂಕು, ರೋಲರು ಎಲ್ಲ ಒಯ್ಯಬೇಕು. ಅಲ್ಲೇ ಪ್ರಿಂಟ್ ತೆಗೆಯಬೇಕು. ಬಂದವರ ಕೈಯಲ್ಲೂ ತೆಗೆಸಬೇಕು.

ಕೆಲಸದಲ್ಲಿ ಗುಟ್ಟೇನೂ ಇಲ್ಲ. ಲಿನೋಲಿಯಂ ಹಾಳೆಯ ಮೇಲೆ ಚಿತ್ರ ಬರೆದು, ಬೆಳ್ಳಗೆ ಉಳಿಯಬೇಕಾದ ಜಾಗವನ್ನೆಲ್ಲ ಸಣ್ಣ ಉಳಿಯಿಂದ ಕೆತ್ತಿ ತೆಗೆಯುತ್ತೇವೆ. ತೆಳು ಗೆರೆಗೆ 'ವಿ' ಬಾಯಿಯ ಉಳಿ, ಅಗಲ ಜಾಗಕ್ಕೆ 'ಯು' ಬಾಯಿಯದು. ಗಾಜಿನ ಮೇಲೆ ಇಂಕು ಹರಡಿ ರೋಲರ್ ಓಡಿಸುವಾಗ ಸಣ್ಣಗೆ ಚರಚರ ಸದ್ದು ಬರಬೇಕು. ಆಗ ಇಂಕು ಹದವಾಗಿದೆ ಅಂತ ಲೆಕ್ಕ. ಸದ್ದು ಜಾಸ್ತಿಯಾದರೆ ಇಂಕೂ ಜಾಸ್ತಿಯಾಗಿದೆ, ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ಬ್ಲಾಕಿಗೆ ಇಂಕು ಹಚ್ಚಿ, ಕಾಗದ ಹಾಸಿ, ಪ್ರೆಸ್ ಇಲ್ಲದಿದ್ದರೆ ಮರದ ಸೌಟಿನ ಬೆನ್ನಿನಿಂದ ಒಂದೇ ಸಮ ಉಜ್ಜಬೇಕು. ಮೊದಲ ಪ್ರೂಫ್, ಅಂದರೆ ಪರೀಕ್ಷೆಗೆ ತೆಗೆದ ಪ್ರತಿ, ಮೊದಲ ದೋಸೆಯ ಹಾಗೆ, ಸರಿಯಾಗಿ ಏಳುವುದು ಅಪರೂಪ. ಮೂರನೆಯದೋ ನಾಲ್ಕನೆಯದೋ ಹೊತ್ತಿಗೆ ಕಪ್ಪು ತುಂಬಿ ಬರುತ್ತದೆ. ಪ್ರತಿ ಹಾಳೆಗೂ ಮತ್ತೆ ಇಂಕು ಹಚ್ಚಬೇಕು, ಮತ್ತೆ ಉಜ್ಜಬೇಕು. ಕೆಳಗೆ ಪೆನ್ಸಿಲಿನಲ್ಲಿ 7/25 ಅಂತ ಬರೆದಿದ್ದರೆ, ತೆಗೆದ ಇಪ್ಪತ್ತೈದರಲ್ಲಿ ಇದು ಏಳನೆಯದು. ಇಪ್ಪತ್ತೈದೂ ಮೂಲಕೃತಿಗಳೇ.

ಇಷ್ಟನ್ನು ಬಾಯಲ್ಲಿ ಹೇಳಿದರೆ ಜನ ಸುಮ್ನೆ ತಲೆ ಆಡಿಸಿ ಮುಂದೆ ಹೋಗುತ್ತಾರೆ. ಮಾಡಿ ತೋರಿಸಿದರೆ ನಿಲ್ಲುತ್ತಾರೆ. ನಮ್ಮ ಬಡಾವಣೆಯ ಪಾರ್ಕಿನಲ್ಲಿ ನಾವು ಕೆಲವರು ಆಗಾಗ ಭಾನುವಾರ ಟೇಬಲ್ ಹಾಕುತ್ತೇವೆ. ಒಮ್ಮೆ ಪಕ್ಕದ ರಸ್ತೆಯ ಟೈಲರ್ ಬಂದು ಬಹಳ ಹೊತ್ತು ನೋಡುತ್ತಾ ನಿಂತಿದ್ದರು. "ಅಕ್ಕಾ, ನಾನೊಂದು ತೆಗೀಲಾ?" ಅಂದರು. ಕಾಗದದ ಎರಡು ಮೂಲೆ ಹಿಡಿದು ಒಂಚೂರೂ ಸುಕ್ಕಿಲ್ಲದೆ ಹಾಸಿದರು. ಕಲಾಶಾಲೆಯ ಹುಡುಗರಿಗೆ ಅದು ಬರುವುದಕ್ಕೆ ವಾರಗಳು ಬೇಕು. ಆಮೇಲೆ ಕೇಳಿದರು: "ಎಡಗಡೆ ಇದ್ದದ್ದು ಬಲಗಡೆ ಬಂತಲ್ಲ, ಹಾಗಾದ್ರೆ ಹೆಸರು ಬರೀಬೇಕಾದ್ರೆ ಏನ್ಮಾಡ್ತೀರಿ?" ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಕೆತ್ತುತ್ತೇವೆ ಅಂದೆ. ಅವರು ತಮ್ಮ ಅಂಗಡಿಯ ಹೆಸರನ್ನೇ ತಿರುಗಿಸಿ ಬರೆದು ನೋಡಿದರು. 'ಟ' ಎರಡು ಸಲ ತಪ್ಪಿತು, ಮೂರನೇ ಸಲ ಸರಿಯಾಯಿತು. ಎಷ್ಟು ಭಾಷಣ ಮಾಡಿದ್ದರೂ ಅವರೊಳಗೆ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ.

ಹೀಗೆ ಮಾಡುವುದಕ್ಕೆ ಜಾಸ್ತಿ ಖರ್ಚೂ ಇಲ್ಲ. ಮಕ್ಕಳ ಕೈಗೆ ಉಳಿ ಕೊಡಬೇಡಿ. ಥರ್ಮಾಕೋಲ್ ತಟ್ಟೆಯ ಮೇಲೆ ಪೆನ್ನಿನಿಂದ ಒತ್ತಿ ಗೆರೆ ಎಳೆದರೂ ಬ್ಲಾಕ್ ತಯಾರು. ನೀರಿನಲ್ಲಿ ಹೋಗುವ ಇಂಕು ಇಟ್ಟುಕೊಳ್ಳಿ. ಕಾಗದ ಒಣಗಿಸಲು ಹಗ್ಗ, ಕ್ಲಿಪ್ಪು ಸಾಕು.

ಕನ್ನಡಿಗರಿಗೆ ಈ ಕಲೆ ಹೊಸದೇನಲ್ಲ ಅನ್ನುವುದನ್ನೂ ಹೇಳಬೇಕು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರ ಜುಲೈ 1ರಂದು ಹೊರಬಂದದ್ದು ಕಲ್ಲಚ್ಚಿನಲ್ಲಿ. ಬಾಸೆಲ್ ಮಿಶನ್ನಿನ ಹರ್ಮನ್ ಮೋಗ್ಲಿಂಗ್ ಅದರ ಸಂಪಾದಕರು. ಕಲ್ಲಚ್ಚಿನಲ್ಲಿ ಸುಣ್ಣದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದಿರುತ್ತದೆ, ಕಲ್ಲನ್ನು ಒದ್ದೆ ಮಾಡಿದರೆ ಇಂಕು ಜಿಡ್ಡಿರುವಲ್ಲಿ ಮಾತ್ರ ಹತ್ತುತ್ತದೆ, ನೀರಿರುವಲ್ಲಿ ಹತ್ತುವುದಿಲ್ಲ. ಇವತ್ತಿಗೂ ಲಿಥೋ, ಅಂದರೆ ಇದೇ ಕಲ್ಲಚ್ಚು, ಕಲಿಯುವವರು ಅದೇ ರೀತಿ ಕಲ್ಲು ಅರೆದು, ಅದೇ ರೀತಿ ಪ್ರಿಂಟ್ ತೆಗೆಯುತ್ತಾರೆ. ರವಿವರ್ಮರು 1894ರಲ್ಲಿ ಮುಂಬೈಯಲ್ಲಿ ಪ್ರೆಸ್ ಶುರುಮಾಡಿದ ಮೇಲೆ ಲಕ್ಷ್ಮಿ, ಸರಸ್ವತಿಯರು ಸಾಮಾನ್ಯರ ಮನೆಯ ಗೋಡೆಗೂ ಬಂದರು. ಅವೂ ಬಣ್ಣಕ್ಕೊಂದು ಕಲ್ಲಿನಂತೆ ಅಚ್ಚಾದವು. ಬಂಗಾಳದ ಚಿತ್ರಕಾರ ಚಿತ್ತಪ್ರಸಾದರು ಅರಮನೆ ಗೋಡೆಗಾಗಿ ಕೆಲಸ ಮಾಡಿದವರಲ್ಲ. 1943ರ ಬರಗಾಲದಲ್ಲಿ ಮಿಡ್ನಾಪುರದ ಹಳ್ಳಿಗಳನ್ನು ಸುತ್ತಿ ಹಸಿದವರನ್ನು ಬರೆದರು. ಆ ಚಿತ್ರಗಳ ಪುಸ್ತಕವನ್ನು ಬ್ರಿಟಿಷರು ವಶಪಡಿಸಿಕೊಂಡು ಸುಟ್ಟರು. ಮುಂದೆ ಮುಂಬೈಯಲ್ಲಿದ್ದಾಗ ದುಡಿಯುವ ಮಕ್ಕಳನ್ನು ಲಿನೋದಲ್ಲಿ ಕೆತ್ತಿದರು. ಆ ಲಿನೋಗಳ ದಪ್ಪ ಕಪ್ಪು, ಅಂಜಿಕೆಯಿಲ್ಲದ ಗೆರೆ ನೋಡಿಯೇ ನಾನು ಉಳಿ ಹಿಡಿದದ್ದು.

ಬೆಂಗಳೂರಿನ ಚಿತ್ರಸಂತೆಯ ಆಶಯ 'ಮನೆಗೊಂದು ಕಲಾಕೃತಿ'. ನನಗೆ ಬಹಳ ಇಷ್ಟವಾದ ಮಾತು ಅದು. ಒಂದು ಕ್ಯಾನ್ವಾಸ್ ಒಂದೇ ಮನೆಗೆ ಹೋಗುತ್ತದೆ. ಒಂದು ಲಿನೋ ಬ್ಲಾಕ್ ಇಪ್ಪತ್ತೈದು ಮನೆಗೆ ಹೋಗುತ್ತದೆ, ಅದೂ ಸಂಬಳದಲ್ಲಿ ಬದುಕುವವರು ಕೊಳ್ಳಬಹುದಾದ ಬೆಲೆಗೆ. ಆ ಆಶಯವನ್ನು ನಿಜ ಮಾಡುವ ಶಕ್ತಿ ಪ್ರಿಂಟಿಗೆ ಇರುವಷ್ಟು ಬೇರೆ ಯಾವುದಕ್ಕೂ ಇಲ್ಲ ಅಂತ ನಾನು ನಂಬುತ್ತೇನೆ.

ಇನ್ನೊಂದು ಮಾತು. ಪೇಂಟಿಂಗಿನ ಫೋಟೋ ತೆಗೆದು ಮೆಷಿನ್ನಿನಲ್ಲಿ ಪ್ರಿಂಟ್ ಹಾಕಿ ಮಾರುವುದು ತಪ್ಪಲ್ಲ, ಹೊಟ್ಟೆಪಾಡು ಎಲ್ಲರಿಗೂ ಇದೆ. ಆದರೆ ಅದನ್ನು ಹಾಗಂತ ಬರೆದು ಮಾರಬೇಕು. ಅದರ ಕೆಳಗೂ 7/25 ಅಂತ ಹಾಕಿ ಸುಮ್ಮನಿದ್ದರೆ ಕೊಳ್ಳುವವರಿಗೆ ಮೋಸ, ಬೆರಳು ಕುಯ್ದುಕೊಂಡು ಕೆತ್ತಿದವರಿಗೂ ಮೋಸ ಅಲ್ವಾ? ಕೊಳ್ಳುವವರು ಧೈರ್ಯವಾಗಿ ಕೇಳಿ: ಬ್ಲಾಕ್ ತೋರಿಸ್ತೀರಾ?

ಈಗ ನನ್ನ ಆಸೆ ಹೇಳುತ್ತೇನೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2004ರಿಂದ ರಸ್ತೆಯ ಮೇಲೇ ರೋಡ್ ರೋಲರ್ ಓಡಿಸಿ ದೊಡ್ಡ ದೊಡ್ಡ ಪ್ರಿಂಟ್ ತೆಗೆಯುವ ಹಬ್ಬ ನಡೆಸುತ್ತಿದ್ದಾರೆ. ಚಿತ್ರಸಂತೆ ನಡೆಯುವ ಜನವರಿಯ ಆ ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ಹೇಗೂ ಗಾಡಿ ಓಡುವುದಿಲ್ಲ. ಸಂಘಟಕರು ಒಪ್ಪಿದರೆ ಅಲ್ಲೇ ನಾವೂ ಮಾಡಬಹುದು. ನಾಲ್ಕಡಿ ಎಂಟಡಿಯ ಹಲಗೆಯನ್ನು ಹತ್ತಾರು ಜನ ಸೇರಿ ಕೆತ್ತೋಣ. ಇಂಕು ಹಚ್ಚಿ, ಮೇಲೆ ಕೋರಾ ಬಟ್ಟೆ ಹಾಸಿ, ಅದರ ಮೇಲೆ ಫೆಲ್ಟ್, ಮತ್ತೊಂದು ಪ್ಲೈವುಡ್, ಹಳೇ ಕಾರ್ಪೆಟ್ ಹಾಕಿದರೆ ರೋಲರ್ ನಿಧಾನವಾಗಿ ಒಮ್ಮೆ ಹೋದರೆ ಸಾಕು. ಹಲಗೆ, ಬಟ್ಟೆ, ಇಂಕು ನಾವು ಹೊಂದಿಸಿಕೊಳ್ಳುತ್ತೇವೆ. ಒಂದು ದಿನದ ಮಟ್ಟಿಗೆ ರೋಲರ್ ಮತ್ತು ಅದರ ಡ್ರೈವರನ್ನು ಕಳಿಸಬಲ್ಲ ಕಂಟ್ರಾಕ್ಟರು ಯಾರಾದರೂ ನಿಮಗೆ ಪರಿಚಯವಿದ್ದರೆ ಮೆಸೇಜ್ ಮಾಡಿ. ಕೆತ್ತುವುದಕ್ಕೇ ಇಡೀ ಡಿಸೆಂಬರ್ ಬೇಕು, ನವೆಂಬರ್ ಒಳಗೆ ತಿಳಿದರೆ ಅನುಕೂಲ.