ನಿಗಮ-ಮಂಡಳಿ ಡಾಟ್ ಇಎಕ್ಸ್‌ಇ

ಬೆಳಿಗ್ಗೆ ಕಂಪ್ಯೂಟರಿನ ಗುಂಡಿ ಒತ್ತಿ, ಫಿಲ್ಟರಿಗೆ ಪುಡಿ ಹಾಕಿ, ಬಿಸಿನೀರು ಹೊಯ್ದು, ಡಿಕಾಕ್ಷನ್ ಇಳಿಸಿ, ಕಾಫಿ ಕುಡಿದು, ಲೋಟ ತೊಳೆದಿಟ್ಟು ಬಂದರೂ ನಮ್ಮನೆ ಪರದೆಯ ಮೇಲೆ ಆ ಚಕ್ರ ತಿರುಗುತ್ತಲೇ ಇರುತ್ತದೆ. "ರೀ, ಅದಕ್ಕೂ ಅರ್ಧ ಲೋಟ ಕೊಟ್ಟು ನೋಡಿ, ಎದ್ದರೂ ಎದ್ದೀತು" ಎಂದಳು ನಮ್ಮವಳು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದೆ. ಹಿಂದೆಲ್ಲ ಎಂಎಸ್‌ಕಾನ್ಫಿಗ್ ಎಂದು ಮಂತ್ರ ಹಾಕಿದರಷ್ಟೇ ಸಿಗುತ್ತಿದ್ದ ಸ್ಟಾರ್ಟಪ್ ಪಟ್ಟಿಯನ್ನು, ಅಂದರೆ ಕಂಪ್ಯೂಟರ್ ಏಳುತ್ತಲೇ ತಾವೂ ತಾವಾಗಿಯೇ ಏಳುವ ಪ್ರೋಗ್ರಾಂಗಳ ಪಟ್ಟಿಯನ್ನು, 2012ರ ವಿಂಡೋಸ್ 8ರಿಂದ ಇಲ್ಲಿಗೆ ತಂದಿಟ್ಟಿದ್ದಾರೆ. ನೋಡುತ್ತೇನೆ, ಇಪ್ಪತ್ತಮೂರು ಹೆಸರು! ಮನೆಯಲ್ಲಿರುವುದು ಇಬ್ಬರು. ಮಂತ್ರಿಗಿರಿ ಸಿಗದವರಿಗೆಲ್ಲ ಒಂದೊಂದು ನಿಗಮ, ಒಂದೊಂದು ಮಂಡಳಿ ಹಂಚುತ್ತಾರಲ್ಲ, ಥೇಟ್ ಅದೇ. ಮಾಡಬೇಕಾದ ಕೆಲಸ ಏನೆಂದು ಅವರಿಗೂ ಗೊತ್ತಿಲ್ಲ. ಬೆಳಗಾದರೆ ಕಾರು ಮಾತ್ರ ಬಾಗಿಲಿಗೆ ಬಂದು ನಿಂತಿರಬೇಕು.

ಹೆಲ್ಪರ್, ಏಜೆಂಟ್, ಅಸಿಸ್ಟೆಂಟ್, ಅಪ್‌ಡೇಟರ್. ಎಲ್ಲವೂ ಹುದ್ದೆಗಳೇ. ಯಾರಿಗೆ ಹೆಲ್ಪರು, ಯಾರ ಏಜೆಂಟು ಎಂದು ಕೇಳಬಾರದು. ಪ್ರಿಂಟರನ್ನು ಗುಜರಿಯವನ ತಕ್ಕಡಿಗೆ ಹಾಕಿ ಮೂರು ವರ್ಷವಾಯಿತು. ಅದರ ಶಾಯಿ ಅಳೆಯುವ ಅಧಿಕಾರಿ ಮಾತ್ರ ಒಂದು ದಿನವೂ ರಜೆ ಹಾಕದೆ ಬಂದು ಕೂರುತ್ತಿದ್ದಾನೆ. ಪಕ್ಕದಲ್ಲೇ 'ಸ್ಟಾರ್ಟಪ್ ಇಂಪ್ಯಾಕ್ಟ್' ಎಂಬ ಕಾಲಂ. ಏಳುವಾಗ ಒಂದು ಸೆಕೆಂಡಿಗಿಂತ ಹೆಚ್ಚು ಪ್ರೊಸೆಸರನ್ನು ಹಿಡಿದುಕೊಂಡರೆ ಅಥವಾ 3 ಎಂಬಿಗಿಂತ ಹೆಚ್ಚು ಡಿಸ್ಕನ್ನು ಕೆದಕಿದರೆ 'ಹೈ' ಎಂಬ ಬಿರುದು. ಶಾಯಿ ಸಾಹೇಬರದ್ದು ಹೈ.

ಇವರೆಲ್ಲರ ನಡುವೆ ಒಬ್ಬನ ಹೆಸರು ಬರೀ 'ಪ್ರೋಗ್ರಾಂ'. ಮನುಷ್ಯನಿಗೆ 'ಮನುಷ್ಯ' ಅಂತಲೇ ನಾಮಕರಣ ಮಾಡಿದ ಹಾಗೆ! ತಯಾರಕರ ಕಾಲಂ ಖಾಲಿ, ಚಿತ್ರದ ಜಾಗದಲ್ಲಿ ಬಿಳಿ ಹಾಳೆ. ವೈರಸ್ಸೇ ಇರಬೇಕೆಂದು ಎದೆ ಹೊಡೆದುಕೊಂಡಿತು. ಕಾಲಂ ತಲೆಯ ಮೇಲೆ ಬಲ ಕ್ಲಿಕ್ ಮಾಡಿ 'ಕಮಾಂಡ್ ಲೈನ್' ಆರಿಸಿದಾಗ ಪೂರ್ತಿ ವಿಳಾಸ ಬಂತು, ಗುಟ್ಟೂ ರಟ್ಟಾಯಿತು. ವಿಳಾಸ ಬರೆದ ಪುಣ್ಯಾತ್ಮ ಅದರ ಆಚೀಚೆ ಉದ್ಧರಣ ಚಿಹ್ನೆ ಹಾಕಿಲ್ಲ. 'ಪ್ರೋಗ್ರಾಂ ಫೈಲ್ಸ್' ಎಂಬಲ್ಲಿ ಎರಡು ಪದಗಳ ನಡುವೆ ಜಾಗ ಕಂಡದ್ದೇ ವಿಂಡೋಸ್ ಅಲ್ಲಿಗೇ ಓದು ನಿಲ್ಲಿಸಿ ಮೊದಲ ಪದವನ್ನೇ ಹೆಸರಾಗಿ ಬರೆದುಕೊಂಡಿದೆ. ಆ ವಿಳಾಸ ಹಿಡಿದು ಹೋದರೆ ಫೋಲ್ಡರೇ ಇಲ್ಲ, ಎಂದೋ ತೆಗೆದುಹಾಕಿದ್ದೇನೆ. ಹಾಜರಿ ಪುಸ್ತಕದಲ್ಲಿ ದಿನಾ ಹೆಸರಿದೆ, ಆಸಾಮಿ ಊರಲ್ಲೇ ಇಲ್ಲ.

ಇನ್ನೊಬ್ಬ ಅಪರಿಚಿತನನ್ನು ವಿಚಾರಿಸಲು 'ಸರ್ಚ್ ಆನ್‌ಲೈನ್' ಒತ್ತಿದೆ. ಅಪಾಯಕಾರಿ ಇರಬಹುದು, ನಮ್ಮ ಕ್ಲೀನರ್ ಇಳಿಸಿಕೊಂಡು ಪರೀಕ್ಷಿಸಿ ಎಂದಿತು ಒಂದು ಪುಟ. ಇಳಿಸಿಕೊಂಡೆ. ಮರುದಿನ ಪಟ್ಟಿಯಲ್ಲಿ ಇಪ್ಪತ್ತನಾಲ್ಕು. ಅಕ್ರಮ ನೇಮಕಾತಿಯ ತನಿಖೆಗೆಂದು ಮಾಡಿದ ಸಮಿತಿಗೂ ಈಗ ನಮ್ಮಲ್ಲೇ ಕೋಣೆ, ಕುರ್ಚಿ.

ಸರಿ, ಎಲ್ಲರನ್ನೂ ಡಿಸೇಬಲ್ ಮಾಡಿದೆ. ಇದು ವಜಾ ಅಲ್ಲ, ಅಮಾನತು ಅಷ್ಟೆ. ಬೆಳಿಗ್ಗೆ ಬರುವುದಿಲ್ಲ, ಆದರೆ ಡಿಸ್ಕಿನಲ್ಲಿ ಜಾಗ ಬಿಡುವುದೂ ಇಲ್ಲ, ಜೀವನಾಧಾರ ಭತ್ಯೆ ಎಂದು ಇಟ್ಟುಕೊಳ್ಳಿ. ಕೆಲವರಂತೂ ಮುಂದಿನ ಅಪ್‌ಡೇಟಿನ ನೆಪದಲ್ಲಿ, ಸರ್ಕಾರಿ ನೌಕರರ ನ್ಯಾಯಮಂಡಳಿಯಾದ ಕೆಎಟಿಯಿಂದ ತಡೆಯಾಜ್ಞೆ ತಂದ ಅಧಿಕಾರಿಯ ಗತ್ತಿನಲ್ಲಿ, ಅದೇ ಕುರ್ಚಿಗೆ ಮರಳಿದರು. ಸರ್ವಿಸಸ್, ಟಾಸ್ಕ್ ಶೆಡ್ಯೂಲರ್ ಎಂಬ ಹಿತ್ತಿಲ ಬಾಗಿಲಿನಿಂದ ಬರುವವರು ಈ ಪಟ್ಟಿಯಲ್ಲಿ ಕಾಣಿಸುವುದೂ ಇಲ್ಲ. ಅವರನ್ನು ನೋಡಲು ಮೈಕ್ರೋಸಾಫ್ಟೇ ಕೊಡುವ ಆಟೋರನ್ಸ್ ಎಂಬ ತಂತ್ರಾಂಶ ಬೇಕು. ಅದನ್ನೂ ತೆರೆದೆ. ಆ ಪಟ್ಟಿಯ ಉದ್ದ ನೋಡಿ ಮುಚ್ಚಿದೆ.

ಆದರೂ ಇವತ್ತು ಡಿಕಾಕ್ಷನ್ ಇಳಿಯುವ ಮೊದಲೇ ಯಂತ್ರ ಎದ್ದು ಕೂತಿತ್ತು. ಗೆದ್ದೆ ಎಂದುಕೊಂಡು ಈ ಅಂಕಣ ಬರೆಯಲು ಕೂತೆ. 'ಕ' ಒತ್ತಿದರೆ ಇಂಗ್ಲಿಷಿನ ಕೆ ಮೂಡಿತು. ಇನ್ನೊಮ್ಮೆ ಒತ್ತಿದೆ, ಇನ್ನೊಂದು ಕೆ. ಇಪ್ಪತ್ತನಾಲ್ಕರಲ್ಲಿ ಇಂಪ್ಯಾಕ್ಟ್ 'ಲೋ' ಎಂದು ಬರೆಸಿಕೊಂಡು, ಸದ್ದಿಲ್ಲದೆ ಮೂಲೆಯಲ್ಲಿ ಕೂತಿದ್ದ ಬಡಪಾಯಿ ನಮ್ಮ ಕನ್ನಡ ಟೈಪಿಂಗಿನವನಂತೆ. ಅಮಾನತಿನ ಆದೇಶವನ್ನು ಮರುಮಾತಿಲ್ಲದೆ ಒಪ್ಪಿಕೊಂಡವನೂ ಅವನೊಬ್ಬನೇ. ಶಾಯಿ ಸಾಹೇಬರು ಆಗಲೇ ವಾಪಸ್ ಬಂದಿದ್ದರು.