ಹತ್ತು ಮಂದಿ ಸೇರಿದಲ್ಲಿ ಹಾವು ಸಾಯಲಿಲ್ಲ

ಈಗಷ್ಟೇ ಮೈದಾನದಿಂದ ಬಂದೆ. ಚಹಾ ಕೂಡ ಕುಡಿದಿಲ್ಲ. ಬೂಟಿನ ಕೆಂಪು ಮಣ್ಣು ಹಾಲ್‌ನಲ್ಲೆಲ್ಲ ಬಿದ್ದಿದೆ ಅಂತ ಒಳಗಿನಿಂದ ಬೈಗುಳ ಬರ್ತಿದೆ. ಇರಲಿ. ಇದನ್ನು ಬರೆಯದೆ ಇದ್ದರೆ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಹದಿನೇಳರ ಒಳಗಿನ ಹುಡುಗರ ಹಾಕಿ ಮ್ಯಾಚ್. ನಮ್ಮ ಹುಡುಗರು ಮತ್ತೆ ಸೋತರು, 0-1. ಈ ಸಲ ನಾಲ್ಕನೇ ಸೋಲು. ಸೋತದ್ದಕ್ಕೆ ನನಗೆ ಸಿಟ್ಟಿಲ್ಲ. ಮೂವತ್ತೊಂದು ವರ್ಷ ಪಿ.ಟಿ. ಮಾಸ್ತರ್ ಆಗಿದ್ದವನು, ಸೋಲು ಜಾಸ್ತಿಯೇ ನೋಡಿದ್ದೇನೆ. ಸಿಟ್ಟು ಬಂದದ್ದು ಕೊನೆಯ ಕ್ವಾರ್ಟರ್‌ನಲ್ಲಿ. ಎದುರಿನವರ ಸೆಂಟರ್ ಹಾಫ್‌ಗೆ ಹಳದಿ ಕಾರ್ಡ್ ಬಿತ್ತು. ಐದು ನಿಮಿಷ ಅವನು ಹೊರಗೆ. ನಾವು ಹನ್ನೊಂದು, ಅವರು ಹತ್ತು. ದೇವರೇ ಬಾಗಿಲು ತೆಗೆದು ಒಳಗೆ ಬಾ ಅಂದ ಹಾಗೆ. ಆ ಐದು ನಿಮಿಷದಲ್ಲಿ ಗೋಲಿನ ಕಡೆಗೆ ಹೋದ ಹೊಡೆತ ಎಷ್ಟು ಗೊತ್ತಾ? ಒಂದೂ ಇಲ್ಲ.

ಗೆರೆಯ ಹೊರಗಿನಿಂದ ಮಾತ್ರ ಒಂದೇ ಮಂತ್ರ. "ಹೊಡೀಲೇ! ಹೊಡಿ! ಹೊಡಿ!" ಎಲ್ಲಿಗೆ ಹೊಡೀಬೇಕಪ್ಪಾ? ಮುಂದೆ ಗೋಡೆ ಹಾಗೆ ನಿಂತಿದ್ದಾರೆ.

ನಾನು ಸುಮ್ನೆ ಕೂತು ತಲೆ ಎಣಿಸಿದೆ. ಹಳೇ ಚಟ. ಅವರು ಒಬ್ಬನೇ ಒಬ್ಬ ಫಾರ್ವರ್ಡ್‌ನನ್ನು ಮೇಲೆ ಬಿಟ್ಟು, ಉಳಿದ ಎಂಟು ಜನ ಬಂದು 'ಡಿ'ಯ, ಅಂದರೆ ಗೋಲಿನ ಮುಂದಿನ ಅರ್ಧವೃತ್ತದ, ಸುತ್ತ ನಿಂತರು. ಹಿಂದೆ ಕೀಪರ್. ಸರಿಯಾದ ಆಟವೇ. ಆ ಒಬ್ಬ ಫಾರ್ವರ್ಡ್‌ನನ್ನು ಕಾಯಲು ನಮ್ಮವರು ಎಷ್ಟು ಜನರನ್ನು ಹಿಂದೆ ಇಟ್ಟಿದ್ದರು? ಮೂರು ಜನ! ಅದರಲ್ಲೊಬ್ಬ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ, ಬಸ್ ಕಾಯುವವನ ಹಾಗೆ. ಅಂದರೆ ನಮ್ಮ ಕೀಪರ್ ಬಿಟ್ಟು ಹತ್ತರಲ್ಲಿ ಮೂರು ಹೋದರೆ ಏಳು. ಮುಂದೆ ಏಳು ಜನ, ಎಂಟು ಜನರ ಎದುರು. ಒಬ್ಬ ಜಾಸ್ತಿ ಇದ್ದಾನೆ ಅಂತ ಇಡೀ ಮೈದಾನ ಕೂಗ್ತಿದೆ, ಗೋಲಿನ ಮುಂದೆ ನಾವೇ ಒಬ್ಬ ಕಮ್ಮಿ!

ಆ ಏಳು ಜನರಾದರೂ ಹರಡಿ ನಿಂತಿದ್ದರಾ? ಅದೂ ಇಲ್ಲ. ಚೆಂಡು ಎಡಕ್ಕೆ ಹೋದರೆ ಐದು ಜನ ಎಡಕ್ಕೆ. ಜಾತ್ರೆಯಲ್ಲಿ ಮಿಠಾಯಿ ಅಂಗಡಿಗೆ ಮುತ್ತಿದ ಹಾಗೆ. ಬಲಗಡೆ ಒಂದು ಎತ್ತಿನ ಗಾಡಿ ತಿರುಗಿಸುವಷ್ಟು ಜಾಗ ಖಾಲಿ.

2022ರ ಚಳಿಗಾಲದಲ್ಲಿ ನಾನು ಕೆನಡಾದಲ್ಲಿ ಮಗಳ ಮನೆಯಲ್ಲಿದ್ದೆ. ಎಡ್ಮಂಟನ್. ಹೊರಗೆ ಕಾಲಿಟ್ಟರೆ ಮೂಗು ಕಳಚಿ ಬೀಳುವ ಥಂಡಿ. ಮಾಡಲು ಬೇರೆ ಕೆಲಸವಿಲ್ಲ, ಅಳಿಯನ ಜೊತೆ ಕೂತು ಐಸ್ ಹಾಕಿ ನೋಡ್ತಿದ್ದೆ. ಮೊದಮೊದಲು ಪಕ್, ಅಂದರೆ ಚೆಂಡಿನ ಬದಲಿನ ಆ ರಬ್ಬರ್ ಬಿಲ್ಲೆ, ಎಲ್ಲಿದೆ ಅಂತಲೇ ಕಾಣ್ತಿರಲಿಲ್ಲ. ಆಮೇಲೆ ಪವರ್ ಪ್ಲೇ ಅಂದರೇನು ಅಂತ ತಿಳೀತು ನೋಡಿ, ಅಲ್ಲಿಂದ ಹುಚ್ಚು ಹಿಡಿದುಬಿಟ್ಟಿತು.

ಅಲ್ಲಿ ತಪ್ಪು ಮಾಡಿದವನನ್ನು ಎರಡು ನಿಮಿಷ ಗಾಜಿನ ಹಿಂದಿನ ಬೆಂಚಿನಲ್ಲಿ ಕೂರಿಸ್ತಾರೆ. ಐದು ಜನರಿಗೆ ನಾಲ್ಕು ಜನ. ಅದೇ ಪವರ್ ಪ್ಲೇ. ಗೋಲು ಬಿದ್ದರೆ ಕೂತವನು ಎದ್ದು ಬರಬಹುದು. ಮೊದಲು ಹಾಗಿರಲಿಲ್ಲವಂತೆ. ಎಷ್ಟು ಗೋಲು ಬಿದ್ದರೂ ಎರಡು ನಿಮಿಷ ಪೂರ್ತಿ ಕೂರಬೇಕಿತ್ತು. 1950ರ ದಶಕದ ಮಾಂಟ್ರಿಯಲ್ ತಂಡ ಆ ಎರಡು ನಿಮಿಷದಲ್ಲಿ ಎದುರಾಳಿಯ ಮನೆಯನ್ನೇ ಗುಡಿಸಿ ಹಾಕ್ತಿತ್ತು. ಆ ತಂಡದ ಜಾನ್ ಬೆಲಿವೊ ಅನ್ನುವವರು 1955ರಲ್ಲಿ 44 ಸೆಕೆಂಡಿನಲ್ಲಿ ಮೂರು ಗೋಲು ಹೊಡೆದರು. 1956ರಲ್ಲಿ ನಿಯಮವನ್ನೇ ಬದಲಿಸಿದರು. ನಮ್ಮ ಹಾಕಿಯಲ್ಲಿ ಆ ತಡೆ ಇಲ್ಲ. ಗೋಲು ಬಿದ್ದರೂ ಹಳದಿ ಕಾರ್ಡಿನವನು ಹೊರಗೇ ಇರಬೇಕು. ಐದು ನಿಮಿಷದಲ್ಲಿ ಎರಡು ಹೊಡೀರಿ, ಮೂರು ಹೊಡೀರಿ, ಯಾರು ಬೇಡ ಅಂತಾರೆ?

ಆ ಸೀಸನ್‌ನಲ್ಲಿ ಎಡ್ಮಂಟನ್ ತಂಡ ಪವರ್ ಪ್ಲೇ ಸಿಕ್ಕಾಗಲೆಲ್ಲ ನೂರಕ್ಕೆ 32.4ರ ಲೆಕ್ಕದಲ್ಲಿ ಗೋಲು ಹೊಡೆಯಿತು. ಅಲ್ಲಿನ ದೊಡ್ಡ ಐಸ್ ಹಾಕಿ ಲೀಗ್ ಎನ್‌ಎಚ್‌ಎಲ್‌ನಲ್ಲಿ ಆವರೆಗಿನ ದಾಖಲೆ ಅದು. ಸಾಮಾನ್ಯವಾಗಿ ಐದಕ್ಕೆ ಒಂದು ಬಂದರೆ ಅಡ್ಡಿ ಇಲ್ಲ ಅಂತಾರೆ. ಮೆಕ್‌ಡೇವಿಡ್, ಡ್ರೈಸೈಟಲ್‌ರಂಥ ಸ್ಟಾರ್ ಆಟಗಾರರು ತಂಡದಲ್ಲಿದ್ದರೆ ಯಾರಾದರೂ ಹೊಡೀತಾರೆ ಅಂತ ನಾನೂ ಅಂದುಕೊಂಡಿದ್ದೆ. ಅಳಿಯ ಟಿ.ವಿ. ನಿಲ್ಲಿಸಿ ತೋರಿಸಿದ. ಒಬ್ಬ ಮಾತ್ರ ಹಿಂದೆ, ನೀಲಿ ಗೆರೆಯ ಹತ್ತಿರ. ಮೂವರು ಎಡ, ನಡು, ಬಲ. ಒಬ್ಬ ಕೀಪರ್‌ನ ಕಣ್ಣಿಗೆ ಅಡ್ಡ. ಒಂದು-ಮೂರು-ಒಂದು. ಅಷ್ಟೇ. ಪಕ್ ಈ ಬದಿಯಿಂದ ಆ ಬದಿಗೆ ಹೋದಾಗ ಕೀಪರ್ ಜಾರಿಕೊಂಡು ಹೋಗಬೇಕು, ಅವನು ಮುಟ್ಟುವಷ್ಟರಲ್ಲಿ ಹೊಡೆತ ಬಿದ್ದಿರುತ್ತದೆ. ಪಕ್ ನಿಲ್ಲಿಸುವುದೂ ಇಲ್ಲ, ಬಂದ ಹಾಗೆಯೇ ಬಾರಿಸ್ತಾರೆ.

ವಾಷಿಂಗ್ಟನ್ ತಂಡದ ಒವೆಚ್ಕಿನ್ ಗೊತ್ತಲ್ಲ? ವರ್ಷಾನುಗಟ್ಟಲೆ ಅದೇ ಎಡಗಡೆಯ ವೃತ್ತದಲ್ಲಿ ನಿಂತು ಹೊಡೆದವನು. ಅಲ್ಲೇ ನಿಲ್ಲುತ್ತಾನೆ ಅಂತ ಇಡೀ ಊರಿಗೆ ಗೊತ್ತು. ಗೊತ್ತಿದ್ದೂ ಏನು ಮಾಡ್ತೀರಿ? ಇಬ್ಬರು ಅವನ ಮೇಲೆ ಹೋದರೆ ನಡುವಿನವನು ಖಾಲಿ. ಹೋಗದಿದ್ದರೆ ಅವನೇ ಹೊಡೀತಾನೆ. 2025ರ ಏಪ್ರಿಲ್‌ನಲ್ಲಿ ಗ್ರೆಟ್ಸ್ಕಿಯ 894 ಗೋಲುಗಳ ಎನ್‌ಎಚ್‌ಎಲ್ ದಾಖಲೆ ಮುರಿದ 895ನೇ ಗೋಲೂ ಪವರ್ ಪ್ಲೇಯಲ್ಲೇ ಬಂತು.

ಅಲ್ಲಿ ಐದರಲ್ಲಿ ಒಬ್ಬ ಹಿಂದೆ. ಇಲ್ಲಿ ಒಬ್ಬನನ್ನು ಕಾಯಲು ಮೂವರು. ನನ್ನ ಜಗಳ ಇಷ್ಟೇ. ಜಾಸ್ತಿ ಇರುವ ಆ ಒಬ್ಬ ಎಲ್ಲಿದ್ದಾನೆ?

ಮ್ಯಾಚ್ ಮುಗಿದ ಮೇಲೆ ಕೋಚ್ ಹತ್ತಿರ ಹೋದೆ. ಅವನೂ ನನ್ನ ಹಳೇ ಹುಡುಗನೇ, ಅದಕ್ಕೇ ಕಿವಿ ಹಿಂಡುವ ಹಕ್ಕು ಇದೆ ಅಂತ ನನ್ನ ಲೆಕ್ಕ. ಅವನು ಅಂದ, "ಸರ್, ಅವ್ರು ಚೆಂಡ್ ಕಸಗೊಂಡು ಕೌಂಟರ್ ಬಂದ್ರ ಏನ್ ಮಾಡೋದ್ರೀ? ಆ ಫಾರ್ವರ್ಡ್ ಭಾಳ ಜೋರ್ ಓಡ್ತಾನ್ರಿ." ಆಮೇಲೆ ಮಾಮೂಲಿ ರಾಗ. ಟರ್ಫ್ ಇಲ್ಲ, ಒಳ್ಳೆ ಸ್ಟಿಕ್ ಇಲ್ಲ, ಪರೀಕ್ಷೆ ಬಂತು ಅಂತ ಮನೆಯವರು ಪ್ರಾಕ್ಟೀಸ್‌ಗೆ ಬಿಡೋದಿಲ್ಲ, ಐಸ್ ಮೇಲಿನ ಆಟ ಇಲ್ಲಿಗೆ ಆಗಿಬರೋದಿಲ್ಲ.

ಓಡ್ತಾನೆ, ಒಪ್ಪಿದೆ. ನಿಮ್ಮಲ್ಲೂ ಓಡುವ ಹುಡುಗ ಒಬ್ಬನಿದ್ದಾನಲ್ಲ, ಅವನನ್ನು ಬೆನ್ನಿಗೆ ಅಂಟಿಸಿ. ಇನ್ನೊಬ್ಬ ಅರ್ಧ ಗೆರೆಯ ಹತ್ತಿರ ಇರಲಿ, ಚೆಂಡು ಎಡದಲ್ಲಿ ಸಿಕ್ಕಿಕೊಂಡಾಗ ಬಲಗಡೆಯಿಂದ ನುಗ್ಗಲಿ. ಮೂರನೆಯವನಿಗೆ ಅಲ್ಲಿ ಏನು ಕೆಲಸ? ಇನ್ನು ಟರ್ಫ್ ಮಾತು. ತಲೆ ಎಣಿಸಲು ಟರ್ಫ್ ಬೇಕಾ? ಬಲಗಡೆ ಒಬ್ಬನನ್ನು ಗೆರೆಗೆ ಅಂಟಿ ನಿಲ್ಲಿಸಲು ಸಾವಿರಾರು ರೂಪಾಯಿಯ ಸ್ಟಿಕ್ ಬೇಕಾ? 1964ರಲ್ಲಿ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ನಮ್ಮ ಬೆಳಗಾವಿಯ ಬಂಡು ಪಾಟೀಲರಿದ್ದರು. ಅವರ ಕಾಲದಲ್ಲಿ ಯಾವ ಟರ್ಫ್ ಇತ್ತು?

ದೊಡ್ಡವರೂ ಎಡವ್ತಾರೆ ಅನ್ನಿ. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 2024ರ ಕ್ವಾರ್ಟರ್ ಫೈನಲ್, ಬ್ರಿಟನ್ ಎದುರು. ಹದಿನೇಳನೇ ನಿಮಿಷಕ್ಕೆ ನಮ್ಮ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್. ನಲವತ್ತಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಆಡಿದರು. ಹತ್ತು ಜನರಾದ ಮೇಲೆ ಮೊದಲ ಗೋಲು ಹೊಡೆದದ್ದೂ ನಾವೇ, ಹರ್ಮನ್‌ಪ್ರೀತ್! 1-1, ಆಮೇಲೆ ಶೂಟೌಟ್‌ನಲ್ಲಿ ಶ್ರೀಜೇಶ್ ಕಾದರು, 4-2. ಅವತ್ತು ನಾನು ಕುಣಿದದ್ದನ್ನು ಪಕ್ಕದ ಮನೆಯವರು ಇನ್ನೂ ಹೇಳಿ ನಗ್ತಾರೆ. ರಾತ್ರಿ ಮಲಗಿದಾಗ ಮಾತ್ರ ಬ್ರಿಟನ್ ಕೋಚ್ ನೆನಪಾದ. ಪಾಪ, ಅಷ್ಟು ಹೊತ್ತು ಒಬ್ಬ ಜಾಸ್ತಿ ಇಟ್ಟುಕೊಂಡು ಒಂದೇ ಗೋಲು.

ಇಷ್ಟೆಲ್ಲ ಬೈದ ಮೇಲೆ ಒಂದು ಮಾತು ಹೇಳಲೇಬೇಕು. ಕಾಲೇಜಿನಲ್ಲಿದ್ದಾಗ ನಮ್ಮ ಒಂದು ಫೈನಲ್. ಎದುರಿನವನೊಬ್ಬ ಹೊರಗೆ. ನಾನು ಸೆಂಟರ್ ಹಾಫ್, ಚೆಂಡು ನನ್ನ ಹತ್ತಿರ. ಬಲ ಅಂಚಿನಲ್ಲಿ ಆಡುವ ನಮ್ಮ ರೈಟ್ ಔಟ್ ಒಂಟಿಯಾಗಿ ನಿಂತು ಸ್ಟಿಕ್ ಎತ್ತಿ ಕೂಗ್ತಿದ್ದಾನೆ. ನನಗೆ ಕಂಡಿತು. ಚೆನ್ನಾಗಿ ಕಂಡಿತು. ಆದರೆ ಹಿಂದಿನ ದಿನ ಕ್ಯಾಪ್ಟನ್ ಯಾರಾಗಬೇಕು ಅಂತ ನಮ್ಮಿಬ್ಬರಿಗೆ ಮಾತು ಬೆಳೆದಿತ್ತು. ಕೊಡಲಿಲ್ಲ. ನಾನೇ ಹೊಡೆದೆ. ಕೀಪರ್‌ನ ಪ್ಯಾಡಿಗೆ ಬಡಿದು ವಾಪಸ್ ಬಂತು, ಅಲ್ಲಿಂದ ಅವರ ಕೌಂಟರ್, ನಾವು ಸೋತೆವು. ಕಾಣಲಿಲ್ಲ ಅಂತ ಎಲ್ಲರಿಗೂ ಹೇಳಿದೆ. ಆ ಪುಣ್ಯಾತ್ಮ ಈಗಲೂ ಊರಲ್ಲೇ ಇದ್ದಾನೆ, ಸಂತೆಯಲ್ಲಿ ಸಿಕ್ಕರೆ ಮೊಮ್ಮಕ್ಕಳ ವಿಷಯ ಮಾತಾಡ್ತೇವೆ. ಇದನ್ನು ಓದ್ತಾನೆ. ಓದಲಿ.

ಕೋಚ್ ಹುಡುಗನಿಗೆ ನನ್ನ ಭಾಷಣ ಸಾಕಾಯಿತು ಅನ್ಸುತ್ತೆ. ಕೊನೆಗೆ ಕೈ ಮುಗಿದು, "ಸರ್, ನಾಳೆ ಮುಂಜಾನೆ ಆರೂವರೆಗೆ ನೀವ ಬಂದು ಕಲಸ್ರಿ. ಹಂಗ ಬರುವಾಗ ಗೆರೆ ಹಾಕಾಕ ಒಂದು ಚೀಲ ಸುಣ್ಣ ತರ್ರಿ, ಸ್ಟೋರ್ ರೂಮ್‌ನ್ಯಾಗ ಖಾಲಿ ಆಗೇತಿ" ಅಂದ.

ಸುಣ್ಣದ ಅಂಗಡಿ ಮುಚ್ಚುವ ಮೊದಲು ಹೋಗಬೇಕು. ಬೂಟು ಬಿಚ್ಚದೆ ಕೂತದ್ದು ಒಳ್ಳೆಯದೇ ಆಯಿತು.