“ಯಾವ ತೋಟದವನು?” ಅಂತ ಕೇಳುವ ಮೊದಲು

ಕರುಣೆ ಮನುಷ್ಯನಿಗೆ ಹುಟ್ಟಿನಿಂದಲೇ ಬರುತ್ತದೆ. ಕಲಿಸಿ ಬರುವುದಲ್ಲ ಅಂತಲೇ ನನ್ನ ನಂಬಿಕೆ.

ಊರು ಮೂಡಿಗೆರೆ ಹತ್ತಿರ, ಇಪ್ಪತ್ತೆರಡು ವರ್ಷದಿಂದ ಇರುವುದು ಮುಂಬೈಯಲ್ಲಿ. ಕಳೆದ ಡಿಸೆಂಬರಿನಲ್ಲಿ ಊರಿಗೆ ಹೋಗಿದ್ದೆ. ಅಮ್ಮ ಬಟ್ಟೆ ಒಣಹಾಕುವಾಗ ಕ್ಲಿಪ್ ಕೈಜಾರಿ ಬಿತ್ತು. ತಮ್ಮನ ಮಗಳಿಗೆ ಒಂದೂವರೆ ವರ್ಷ, ನೆಟ್ಟಗೆ ನಡೆಯಲೂ ಬಾರದು, ಕಣದಲ್ಲಿ ಹರಡಿದ್ದ ಕಾಫಿ ತುಳಿದುಕೊಂಡೇ ಬಂದು ಕ್ಲಿಪ್ ಎತ್ತಿ ಅಜ್ಜಿ ಕೈಗಿಟ್ಟಳು. ಯಾರೂ ಹೇಳಿರಲಿಲ್ಲ. ವಾರ್ನೆಕೆನ್ ಮತ್ತು ಟೊಮಸೆಲ್ಲೊ ಎಂಬ ಸಂಶೋಧಕರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲೂ ಇಂಥದ್ದೇ ಕ್ಲಿಪ್ ಇತ್ತು. ಕೈತಪ್ಪಿ ಬಿದ್ದರೆ 18 ತಿಂಗಳ ಮಕ್ಕಳು ಎತ್ತಿಕೊಡುತ್ತಿದ್ದವು. ಬೇಕಂತಲೇ ಎಸೆದರೆ ಹೆಚ್ಚಾಗಿ ಸುಮ್ಮನಿರುತ್ತಿದ್ದವು. ಎದುರಿನವರ ಕಷ್ಟ ಆ ಪುಟ್ಟ ತಲೆಗೆ ಗೊತ್ತಾಗುತ್ತದೆ, ಅಲ್ವಾ?

ಹಾಗಾದರೆ ದೊಡ್ಡವರಾದ ಮೇಲೆ ಅದು ಎಲ್ಲಿ ಹೋಗುತ್ತದೆ?

ಮುಂಬೈಯಲ್ಲಿ ಗಡಿಬಿಡಿ ನುಂಗುತ್ತದೆ. ದಾದರ್ ಸ್ಟೇಷನ್ನಿನಲ್ಲಿ ತಲೆ ಸುತ್ತಿ ಕುಸಿದವರನ್ನು ದಾಟಿಕೊಂಡು ನಾನೂ ಟ್ರೇನಿಗೆ ಓಡಿದ್ದೇನೆ, ಅದು ಇವತ್ತಿಗೂ ಚುಚ್ಚುತ್ತದೆ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಪಾದ್ರಿಯಾಗಲು ಓದುತ್ತಿದ್ದ ಹುಡುಗರ ಮೇಲೆ ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆರಾಮಾಗಿ ಹೊರಟವರಲ್ಲಿ 63% ಮಂದಿ ದಾರಿಯಲ್ಲಿ ಕುಸಿದವನಿಗಾಗಿ ನಿಂತರು, ತಡವಾಯಿತು ಅಂತ ಓಡಿಸಿದವರಲ್ಲಿ 10% ಮಾತ್ರ. ಇದೇ ಮುಂಬೈ 2005ರ ಜುಲೈ 26ರಂದು ಬೇರೆಯೇ ಆಗಿತ್ತು. ಒಂದೇ ದಿನಕ್ಕೆ 944 ಮಿಲಿಮೀಟರ್ ಮಳೆ, ಟ್ರೇನ್ ನಿಂತವು, ಓಟವೂ ನಿಂತಿತು. ಸೊಂಟದವರೆಗಿನ ನೀರಲ್ಲಿ ನಡೆಯುತ್ತಿದ್ದ ನಮ್ಮನ್ನು ಒಬ್ಬ ಮರಾಠಿ ಅಜ್ಜಿ ಮೆಟ್ಟಿಲ ಮೇಲೆ ಕರೆದು ಕೂರಿಸಿ ಬಿಸಿ ಚಹಾ ಕೊಟ್ಟರು. ಯಾವೂರು, ಯಾರ ಕಡೆಯವರು ಅಂತ ಕೇಳಲೇ ಇಲ್ಲ.

ನಮ್ಮ ಕಡೆ ಪುರುಸೊತ್ತಿದೆ, ಆದರೆ ಈ ಪ್ರಶ್ನೆ ಮೊದಲು ಬರುತ್ತದೆ. ಅದೇ ಡಿಸೆಂಬರಿನಲ್ಲಿ ಕಾಫಿ ಕುಯ್ಲಿಗೆ ಬಂದಿದ್ದ ಅಸ್ಸಾಮಿನ ಹುಡುಗನೊಬ್ಬ ಕೈಗೆ ಟವೆಲ್ ಸುತ್ತಿಕೊಂಡು ಟೀ ಅಂಗಡಿ ಮುಂದೆ ನಿಂತಿದ್ದ. ರಕ್ತ ತೊಟ್ಟಿಕ್ಕುತ್ತಿತ್ತು. ಅಲ್ಲಿ ಕೂತಿದ್ದ ನಮ್ಮೂರಿನವರು “ಯಾವ ತೋಟದವ್ನೋ?” ಅಂದರು. ಅವನು ಹೆಸರು ಹೇಳಿದ. “ಹೋಗಿ ನಿಮ್ಮ ರೈಟ್ರಿಗೆ ಹೇಳು” ಅಂತ ತೋಟದ ಗುಮಾಸ್ತನ ಕಡೆ ಕಳಿಸಿ ಟೀ ಕುಡಿದರು. ಇವರು ಕೆಟ್ಟವರಲ್ಲ. ಅವರಲ್ಲೊಬ್ಬರು ನನ್ನ ಅಪ್ಪನಿಗೆ ಎದೆನೋವು ಬಂದ ರಾತ್ರಿ, ಸುರಿವ ಮಳೆಯಲ್ಲಿ ತಮ್ಮ ಜೀಪಿನಲ್ಲೇ ಹಾಸನದವರೆಗೆ ಕರೆದುಕೊಂಡು ಹೋದವರು. ತೋಟದ ಕೂಲಿಯವರು ಸಾಲಾಗಿ ಇರುವ ಲೈನ್ ಮನೆಯವನು ಅಂದ ತಕ್ಷಣ ಅದೇ ಮನುಷ್ಯನಿಗೆ ರಕ್ತ ಕಾಣಿಸಲಿಲ್ಲ. ನನಗೆ ಸಿಟ್ಟು ಬಂತು, ಅವರ ಮೇಲೆ ಇದ್ದ ಪ್ರೀತಿಗೇ ಜಾಸ್ತಿ ಬಂತು.

ಹುಡುಗನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಸಂಜೆ ಅದೇ ಅಂಗಡಿ ದಾಟುವಾಗ ಜೀಪಿನವರು ಎದ್ದು ಬಂದರು. “ಎಷ್ಟು ಹೊಲಿಗೆ ಬಿತ್ತು ಪಾಪ?” ಅಂತ ಮೆಲ್ಲಗೆ ಕೇಳಿದರು. ನಾಲ್ಕು ಅಂದೆ. ಸ್ವಲ್ಪ ಹೊತ್ತು ನನ್ನ ಮುಖ ನೋಡಲಿಲ್ಲ. ಆಮೇಲೆ, ಅವನು ಯಾವ ಲೈನಿನಲ್ಲಿದ್ದಾನೆ ಅಂತ ಕೇಳಿದರು.